ತಡಿ ಎಂದರೆ ದಡ

ಶಿವಶರಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಫ್ರೀಮಾಂಟಿನ ನಮ್ಮ ಜನ ಅವನ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡುತ್ತಿದ್ದಾರೆ, ಅದನ್ನು ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಈಜು ಬಾರದವನಿಗೆ ಆಫ್ರಿಕಾದ ನದಿ ಯಾಕೆ ಬೇಕಿತ್ತು ಅನ್ನುತ್ತಾರೆ. ಹವಾಯಿಗೆ ಹೋಗಿದ್ದರೆ ಸಾಲದಿತ್ತೇ ಅನ್ನುತ್ತಾರೆ. ಅಲ್ಲಿ ನಿಜವಾಗಿ ನಡೆದದ್ದು ಏನೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು, ಯಾಕೆಂದರೆ ಅದು ಶುರುವಾದದ್ದು ನನ್ನ ಬಾಯಿಂದ.

ನಾನು ಪದ್ಮಜಾ, ಮೈಸೂರಿನವಳು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದೇನೆ. ಶಿವಶರಣ ನನಗಿಂತ ಹದಿನೈದು ವರ್ಷ ಚಿಕ್ಕವನು, ವಿಜಯಪುರದವನು. ಸ್ಯಾನ್ ಹೊಸೆಯ ಒಂದು ಚಿಪ್ ಕಂಪನಿಯಲ್ಲಿ ಟೆಸ್ಟಿಂಗ್ ಇಂಜಿನಿಯರು. ಬೇರೆಯವರು ಮಾಡಿದ ತಪ್ಪನ್ನು ಹುಡುಕಿ ತೆಗೆಯುವುದೇ ಅವನ ಕೆಲಸ. ಹಾಗಾಗಿ ಎಲ್ಲದಕ್ಕೂ ಮುಂಚೆಯೇ ಹೆದರುವುದು ಅವನಿಗೆ ಅಭ್ಯಾಸವಾಗಿತ್ತು. ನೀರೆಂದರಂತೂ ಇನ್ನೂ ಹೆದರಿಕೆ. ಡಂಬಾರ್ಟನ್ ಸೇತುವೆ ದಾಟುವಾಗ ಕಾರಿನ ಗಾಜು ಏರಿಸಿ, ನಡುವಿನ ಲೇನು ಹಿಡಿದು, ಎರಡೂ ಕಡೆಯ ನೀರನ್ನು ನೋಡದೆ ಹೋಗುತ್ತಿದ್ದ. ಅವನ ಹೆಂಡತಿ ಸಂಯುಕ್ತಾ ನಮ್ಮ ಕಡೆಯವಳೇ, ಮೈಸೂರು. ಒಬ್ಬಳೇ ಮಗಳು, ತನ್ವಿ.

ಅವರು ಮೊದಲ ಸಲ ತರಗತಿಗೆ ಬಂದ ದಿನ ತನ್ವಿಗೆ ಐದು ವರ್ಷ. ಕಮ್ಯುನಿಟಿ ಹಾಲಿನ ಬಾಗಿಲು ತೆರೆದಿತ್ತು. ಪಿಳ್ಳೆಯ ಹಾಗಿದ್ದ ಹುಡುಗಿ ಯಾರ ಕೈಗೂ ಸಿಗದೆ ಹೊರಗೆ ಓಡಿತು. ಪಾರ್ಕಿಂಗ್ ಲಾಟಿನಲ್ಲಿ ಒಂದು ವ್ಯಾನು ಹಿಂದಕ್ಕೆ ಬರುತ್ತಿತ್ತು. ಶಿವಶರಣ ಇದ್ದ ಜಾಗದಿಂದಲೇ ಹಾಲು ನಡುಗುವಂತೆ ಕೂಗಿದ.

“ಏ ತಡೀ! ತಡೀ! ನಿಂದ್ರು!”

ಮಗು ನಿಂತಿತು. ವ್ಯಾನು ಹಾದುಹೋಯಿತು. ಅವನು ಓಡಿಹೋಗಿ ಎತ್ತಿಕೊಂಡು ಬಂದ. ಮುಖ ಬಿಳಚಿಕೊಂಡಿತ್ತು. “ತಡಿ ಅಂದ್ರ ಕೇಳಬೇಕವ್ವಾ” ಎಂದು ಮಗಳಿಗೆ ಹೇಳುತ್ತಲೇ ಬಂದು, ನನಗೆ “ತಪ್ಪಾತ್ರೀ ಅಕ್ಕೋರೆ” ಅಂದ. ಅವನ ಕಡೆ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರಂತೆ.

ನಾನೇನು ಮಾಡಬೇಕಿತ್ತು? ಮಗು ಉಳಿಯಿತಲ್ಲ ಎಂದು ದೇವರಿಗೆ ಕೈಮುಗಿಯಬೇಕಿತ್ತು. ಆದರೆ ನನ್ನ ನಾಲಿಗೆ ಸುಮ್ಮನಿರುವ ಜಾತಿಯದ್ದಲ್ಲ. “ತಡಿ ಅಂದ್ರೆ ದಡ ಕಣ್ರೀ, ನದಿ ದಡ. ಪಾರ್ಕಿಂಗ್ ಲಾಟಲ್ಲಿ ಯಾವ ನದಿ ಇದೆ ರೀ?” ಅಂದೆ. ಬೆಂಗಳೂರು-ಮೈಸೂರಿನ ಅಪ್ಪ ಅಮ್ಮಂದಿರೆಲ್ಲ ಗೊಳ್ಳೆಂದು ನಕ್ಕರು. ನಮ್ಮ ಮನೆಗಳಲ್ಲೂ “ತಡಿಯೇ ಮಾರಾಯ್ತಿ” ಅನ್ನುವವರಿದ್ದಾರೆ, ನನಗೆ ಗೊತ್ತಿಲ್ಲವೇ? ಅವತ್ತು ನಗುವವರು ಇದ್ದರು, ನಗಿಸುವ ಚಪಲ ನನಗಿತ್ತು, ಅಷ್ಟೇ. ಅಪ್ಪನ ಸೊಂಟದ ಮೇಲಿದ್ದ ತನ್ವಿಯೂ ನಕ್ಕಿತು. ಮುಂದೆ ಆರು ತಿಂಗಳು ಅದು ನನ್ನನ್ನು ಕಂಡಾಗಲೆಲ್ಲ “ಯಾವ ನದಿ ಆಂಟೀ?” ಎಂದು ಕೇಳುತ್ತಿತ್ತು. ನಾನು “ತಡಿ ಅಂದ್ರೆ?” ಅನ್ನುತ್ತಿದ್ದೆ. ಅದು “ದಡ!” ಎಂದು ಕಿರುಚುತ್ತಿತ್ತು.

ಶಿವಶರಣ ಮಾರನೆಯ ವಾರದಿಂದ ನನ್ನನ್ನು ಮೇಡಂ ಅಂದ. ನಿಧಾನವಾಗಿ ಅವನ ಮಾತೇ ಬದಲಾಯಿತು. “ತಡಿ”, “ನಿಂದ್ರು” ಎರಡೂ ಹೋಗಿ “ನಿಲ್ಲು” ಬಂತು. “ಹೋಗಲಾಕತ್ತೀನಿ” ಹೋಗಿ “ಹೋಗುತ್ತಿದ್ದೇನೆ” ಬಂತು. ಮಗಳ ಹತ್ತಿರ ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದ. ಸಂಯುಕ್ತಾ ಒಮ್ಮೆ ನನ್ನ ಹತ್ತಿರ ದೂರಿದಳು, “ಮನೇಲೂ ನ್ಯೂಸ್ ಓದೋರ ಥರ ಮಾತಾಡ್ತಾರೆ ಪದ್ಮಕ್ಕ, ನಂಗೆ ನಗು ಬರತ್ತೆ.” ನಾನು ಅದನ್ನು ನನ್ನ ಗೆಲುವು ಎಂದುಕೊಂಡೆ. ಏಳನೆಯ ವರ್ಷಕ್ಕೆ ತನ್ವಿ ರಾಜ್ಯೋತ್ಸವದ ವೇದಿಕೆಯಲ್ಲಿ ನಾನು ಬರೆದ ಪಾಠ ಓದಿದಳು. “ನದಿಯ ತಡಿಯಲ್ಲಿ ಕೊಕ್ಕರೆ ನಿಂತಿತ್ತು.” ಒಂದು ಅಕ್ಷರವೂ ತಪ್ಪಲಿಲ್ಲ. ಅವಳಿಗೆ ಮೊದಲ ಬಹುಮಾನ ಕೊಟ್ಟವಳೂ ನಾನೇ.

ಅಪ್ಪ ನೀರಿಗೆ ಎಷ್ಟು ಹೆದರಿದನೋ ಮಗಳು ಅಷ್ಟು ನೀರಿಗೇ ಬಿದ್ದಳು. ಲೇಕ್ ಎಲಿಜಬೆತ್‌ನಲ್ಲಿ ಹುಟ್ಟು ಹಾಕುವುದು ಕಲಿತಳು, ಹೈಸ್ಕೂಲಿನಲ್ಲಿ ದೋಣಿ ತಂಡ ಸೇರಿದಳು. ಅವಳು ನೀರಿನಲ್ಲಿದ್ದಷ್ಟು ಹೊತ್ತೂ ಶಿವಶರಣ ದಡದ ಬೆಂಚಿನಲ್ಲಿ ಥರ್ಮಾಸು ಹಿಡಿದು ಕೂತಿರುತ್ತಿದ್ದ, ಒಂದು ಗುಟುಕು ಚಹಾ ಕುಡಿಯದೆ. ಹೈಸ್ಕೂಲು ಮುಗಿದಾಗ ಏನು ಬೇಕು ಎಂದು ಕೇಳಿದ. ಅವಳು ಕಾರು ಕೇಳಲಿಲ್ಲ. “Zambezi, Appa. ಕನೂನಲ್ಲಿ. ಆನೆ ನೋಡ್ಬೇಕು, from the water” ಅಂದಳು. ಝಾಂಬೆಜಿ ಆ ಆಫ್ರಿಕಾದ ನದಿ, ಕನೂ ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ.

ಅವನು ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಬದಲಿಗೆ ತನ್ನ ಕೆಲಸದ ಬುದ್ಧಿಯನ್ನೆಲ್ಲ ಅದಕ್ಕೆ ಹಚ್ಚಿದ. ಸಿಂಹಕ್ಕಿಂತ ನೀರ್ಗುದುರೆ ಅಪಾಯ ಎಂದು ಓದಿದ. ನೀರ್ಗುದುರೆಗೆ ಹೆದರಿಕೆಯಾದರೆ ಅದು ಆಳದ ನೀರಿಗೆ ಓಡುತ್ತದೆ, ಅದರ ದಾರಿಯಲ್ಲಿ ಯಾರಿದ್ದರೂ ಬಿಡುವುದಿಲ್ಲ ಎಂದು ಓದಿದ. ಏಪ್ರಿಲಿನಿಂದ ಮಗಳಿಗೆ ಒಂದೇ ಪಾಠ. ನಾನೇ ಕೇಳಿದ್ದೇನೆ, ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂತು, 680 ಹೆದ್ದಾರಿಯಲ್ಲಿ ಸ್ಯಾನ್ ರಮೋನಿನ ಒಂದು ಗೃಹಪ್ರವೇಶಕ್ಕೆ ಹೋಗುವಾಗ.

“ನೀರ್ಗುದುರೆ ದಡದ ಮೇಲಿದ್ದರೆ?”

“Stay away from the bank, Appa.”

“ಅದಕ್ಕೂ ಆಳದ ನೀರಿಗೂ ನಡುವೆ?”

“Never. ಸಾಕಪ್ಪ, ನೂರು ಸಲ ಹೇಳಿದ್ದೀನಿ!”

“ಮತ್ತು ನಾನು ಏನು ಹೇಳಿದರೂ?”

“ತಕ್ಷಣ ಮಾಡ್ತೀನಿ. No questions.”

ಆ ಕೊನೆಯ ಮಾತಿಗೆ ನಾನು “ಎಷ್ಟು ಒಳ್ಳೆ ಹುಡುಗಿ!” ಎಂದು ಹೊಗಳಿದೆ.

ಜೂನಿನಲ್ಲಿ ಹೋದರು. ಮೊದಲ ಎರಡು ದಿನ ನನ್ನ ಫೋನಿಗೆ ಫೋಟೋಗಳು ಬಂದವು. ಮೋಟಾರು ದೋಣಿಯ ಅಂಚಿನಲ್ಲಿ ತನ್ವಿ, ಹಿಂದೆ ಸೊಂಡಿಲೆತ್ತಿ ಹೊಳೆ ದಾಟುತ್ತಿರುವ ಆನೆಗಳು. ಮರಳಿನ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಲೈಫ್ ಜಾಕೆಟು ತೊಟ್ಟು, ದೋಣಿಯ ಎರಡೂ ಬದಿ ಗಟ್ಟಿಯಾಗಿ ಹಿಡಿದು ನಗಲು ನೋಡುತ್ತಿರುವ ಶಿವಶರಣ. ಒಂದು ಫೋಟೋದಲ್ಲಿ ನೀರು ನುಣ್ಣಗಿತ್ತು, ಅದರ ಮೇಲೆ ಬರೀ ನಾಲ್ಕು ಸಣ್ಣ ಕಿವಿಗಳು. ಅದರ ಕೆಳಗೆ ಅವನು ಬರೆದಿದ್ದ, “ಎರಡು ಇವೆ ಮೇಡಂ. ಕಾಣಿಸದವು ಎಷ್ಟಿವೆಯೋ.” ಮೂರನೆಯ ದಿನ ಏನೂ ಬರಲಿಲ್ಲ. ನಾಲ್ಕನೆಯ ದಿನವೂ ಇಲ್ಲ.

ಆ ಮೂರನೆಯ ಬೆಳಿಗ್ಗೆ ಆದದ್ದನ್ನು ಸಂಯುಕ್ತಾ ನನಗೆ ಆಮೇಲೆ ಹೇಳಿದಳು. ಎರಡು ಕನೂಗಳು. ಮುಂದಿನದರಲ್ಲಿ ಗೈಡ್ ಜೋಸೆಫ್ ಮತ್ತು ಶಿವಶರಣ. ನಲವತ್ತು ಅಡಿ ಹಿಂದೆ ಎರಡನೆಯದು. ಅದರ ಮುಂದೆ ಸಂಯುಕ್ತಾ, ಹಿಂದೆ ಕೂತು ದೋಣಿ ತಿರುಗಿಸುವವಳು ತನ್ವಿ. ಗಾಳಿ ಎದುರಿಗೆ ಬೀಸುತ್ತಿತ್ತು. ಎಡದಂಡೆಯ ಎತ್ತರದ ಹುಲ್ಲು ಅಲ್ಲಾಡಿತು. ಜೋಸೆಫ್ ಕೈ ಎತ್ತಿ, ಮೆಲ್ಲಗೆ, ದೋಣಿ ಅಲ್ಲೇ ನಿಲ್ಲಿಸಿ ಅಂದ. ಹುಲ್ಲಿನಲ್ಲಿ ನೀರ್ಗುದುರೆ ಇದೆ, ಅದು ನೀರಿಗೆ ಇಳಿಯಲಿ, ಆಮೇಲೆ ಹೋಗೋಣ ಅಂದ. ಮಗಳಿಗೆ ಅದು ಕೇಳಿಸಲಿಲ್ಲ. ಅವಳ ದೋಣಿ ಮುಂದೆ ಬರುತ್ತಲೇ ಇತ್ತು. ಸಂಯುಕ್ತಾ ಬಲಗಡೆಯ ಆನೆಯ ಕಡೆ ಕ್ಯಾಮೆರಾ ತಿರುಗಿಸಿದ್ದಳು.

ಶಿವಶರಣ ಹಿಂದೆ ತಿರುಗಿ ಎದೆ ಬಿರಿಯುವ ಹಾಗೆ ಕೂಗಿದ. “ತಡೀ! ತಡೀ! ತಡೀ!”

ಸ್ಟಾಪ್ ಅನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಲ್ಲು ಅನ್ನಬಹುದಿತ್ತು. ಹನ್ನೆರಡು ವರ್ಷ ಅದನ್ನೇ ಅಭ್ಯಾಸ ಮಾಡಿದ್ದನಲ್ಲ! ಜೀವ ಬಾಯಿಗೆ ಬಂದಾಗ ಯಾವ ಮಾತು ಆಡಬೇಕೆಂದು ಯಾರಾದರೂ ಆರಿಸಿಕೊಳ್ಳುತ್ತಾರೆಯೇ? ಅವನ ತಾಯಿ ಅವನನ್ನು ಕೂಗುತ್ತಿದ್ದ ಮಾತು ಬಂತು.

ತನ್ವಿ ಒಳ್ಳೆಯ ಹುಡುಗಿ. ಅಪ್ಪ ಹೇಳಿದ್ದನ್ನು ತಕ್ಷಣ ಮಾಡಿದಳು. ಹುಟ್ಟನ್ನು ಒತ್ತಿ ದೋಣಿಯ ಮೂತಿ ತಿರುಗಿಸಿ, ನಾಲ್ಕು ಬಲವಾದ ಎಳೆತಕ್ಕೆ ನೇರ ಎಡದಂಡೆಗೆ ಹೋದಳು. “ಇರೇ, ಎಲ್ಲಿಗೇ!” ಎಂದು ಸಂಯುಕ್ತಾ ಕ್ಯಾಮೆರಾ ಕೈಬಿಡುವಷ್ಟರಲ್ಲಿ ಹುಲ್ಲು ಸೀಳಿತು.

ನೀರ್ಗುದುರೆ ದೋಣಿಯ ಮೇಲೆಯೇ ಬಂತು. ಸಂಯುಕ್ತಾ ಒಂದು ಕಡೆ ಎಗರಿ ಬಿದ್ದು ಬದುಕಿದಳು. ತನ್ವಿಯನ್ನು ಜೋಸೆಫ್ ಎಳೆದು ತಂದ. ಈಜು ಬಾರದ ಶಿವಶರಣ ನೀರಿಗೆ ಹಾರಿದ, ಅವನನ್ನೂ ಜೋಸೆಫನೇ ಎಳೆಯಬೇಕಾಯಿತು. ಆಸ್ಪತ್ರೆಯಲ್ಲಿ ಹುಡುಗಿಯ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ ತೆಗೆದರು.

ಆಗಸ್ಟಿನಲ್ಲಿ ಫ್ರೀಮಾಂಟಿಗೆ ಬಂದರು. ನಾನು ಬಿಸಿಬೇಳೆ ಭಾತು ಕಟ್ಟಿಕೊಂಡು ನೋಡಲು ಹೋದೆ. ತನ್ವಿ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು. ಅವನು ಕೋಣೆಗೆ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದಳು.

“He knew the rule, aunty” ಅಂದಳು ನನಗೆ. “ನೂರು ಸಲ ಹೇಳ್ಸಿದ್ರು. ಆಮೇಲೆ ಅವರೇ ನಂಗೆ ದಡಕ್ಕೆ ಹೋಗು ಅಂದ್ರು. ತಡಿ ಅಂದ್ರೆ ದಡ, right? I didn’t get it wrong, right?”

ಏನೋ ನೆಪ ಹೇಳಿ ಅಡುಗೆಮನೆಗೆ ಎದ್ದುಹೋದೆ. ಶಿವಶರಣ ಸಿಂಕಿನ ಮುಂದೆ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಆಕಿಗೆ ಹೇಳಬ್ಯಾಡ್ರೀ ಅಕ್ಕೋರೆ” ಅಂದ. ಹನ್ನೆರಡು ವರ್ಷದ ಮೇಲೆ ಅಕ್ಕೋರೆ. “ಅಪ್ಪ ತಪ್ಪು ಹೇಳಿದ ಅಂತ ತಿಳಕೊಂಡಾಳ. ಹಂಗೇ ಇರಲಿ. ತಾನೇ ತಪ್ಪು ತಿಳಕೊಂಡೆ ಅಂತ ಗೊತ್ತಾದ್ರ ಆಕಿ ತಡಕೊಳ್ಳಾಂಗಿಲ್ಲ. ನನ್ನ ಮ್ಯಾಲೆ ಸಿಟ್ಟಿರಲಿ. ಸಿಟ್ಟಿದ್ರ ಆಕಿ ಏಳ್ತಾಳ.”

ನಾನು ವಾಪಸು ಹೋಗಿ ಅವಳ ಕೈ ಹಿಡಿದೆ. “ಹೌದು ಕಂದಾ, ತಡಿ ಅಂದ್ರೆ ದಡ. ನಿಂದೇನೂ ತಪ್ಪಿಲ್ಲ” ಅಂದೆ. ಅಪ್ಪನ ತಪ್ಪೂ ಅಲ್ಲ, ನನ್ನದು ಎಂದು ಸೇರಿಸಬೇಕಿತ್ತು. ನಿಜ ಹೇಳಬೇಕೆಂದರೆ, ಧೈರ್ಯ ಸಾಲಲಿಲ್ಲ.

ಹೋದ ಭಾನುವಾರ ಮತ್ತೆ ಹೋಗಿದ್ದೆ. ಅವಳಿಗೆ ಹೊಸ ಕಾಲು ಹಾಕಿ ಎರಡು ವಾರವಾಗಿತ್ತು. ಮಧ್ಯಾಹ್ನದ ಬಿಸಿಲು ಹಾಲಿನ ತುಂಬ ಬಿದ್ದಿತ್ತು. “ನೋಡಿ ಆಂಟಿ” ಎಂದು ವಾಕರ್ ಬಿಟ್ಟು ಒಂದು ಹೆಜ್ಜೆ ಇಟ್ಟಳು. ಎರಡನೆಯದೂ ಇಟ್ಟಳು. ನಾನು ಚಪ್ಪಾಳೆ ತಟ್ಟಿದೆ. ಮೂರನೆಯದಕ್ಕೆ ಕಾರ್ಪೆಟ್ಟಿನ ಅಂಚು ಮೇಲೆದ್ದಿದ್ದು ಅವಳಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತವನಿಗೆ ಕಂಡಿತು.

“ತಡೀ! ತಡೀ!”

ಬಟ್ಟಲು ಬಿದ್ದು ಒಡೆಯಿತು. ತನ್ವಿ ಗೋಡೆ ಹಿಡಿದಳು. ಕಾರ್ಪೆಟ್ಟು ನೋಡಿದಳು. ಎರಡು ಕೈಯನ್ನೂ ತನ್ನತ್ತ ಚಾಚಿ, ಬಾಯಿ ತೆರೆದೇ ನಿಂತಿದ್ದ ಅಪ್ಪನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಅವನೊಡನೆ ಮಾತಾಡಿದಳು.

“ಅಪ್ಪಾ, ಇಲ್ಲಿ ಯಾವ ನದಿ ಇದೆ?”

ಅವನು ಸುಳ್ಳು ಹೇಳಲು ನೋಡಿದ, ಆಗಲಿಲ್ಲ. “ತಡಿ ಅಂದ್ರ... ನಿಂದ್ರು ಅಂತ, ಯವ್ವಾ” ಅಂದ.

“ನಿಂದ್ರು?” ಅವಳಿಗೆ ಆ ಮಾತೂ ಮರೆತುಹೋಗಿತ್ತು. ನನ್ನ ಕಡೆ ತಿರುಗಿದಳು. ಟೀಚರು ನಾನಲ್ಲವೇ. “ಆಂಟಿ, what does that mean?”

“ನಿಲ್ಲು ಅಂತ ಕಂದಾ” ಅಂದೆ. “ತಡಿ ಅಂದ್ರೂ ನಿಲ್ಲು ಅಂತಾನೇ. ನಿಂಗೆ ಅದು ಗೊತ್ತಿತ್ತು. ನಾನು ಮರೆಸಿಬಿಟ್ಟೆ.”

ಅವಳು ಗೋಡೆಗೆ ಒರಗಿಕೊಂಡೇ ನಿಧಾನವಾಗಿ ಕೆಳಗೆ ಕೂತಳು. ಅವಳ ತುಟಿ ಅಲುಗುತ್ತಿತ್ತು, ತಡಿ ಎಂಬ ಆ ಮಾತನ್ನೇ ಹೇಳಿಕೊಳ್ಳುತ್ತಿದ್ದಳು. ಶಿವಶರಣ ಚೂರುಗಳ ಮೇಲೆಯೇ ಬರಿಗಾಲಲ್ಲಿ ನಡೆದು ಬಂದು ಅವಳ ಪಕ್ಕ ಕುಸಿದ. ಅವಳು ಮುಖ ತಿರುಗಿಸಲಿಲ್ಲ, ಅವನನ್ನು ಮುಟ್ಟಲೂ ಇಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಪಾರ್ಕಿಂಗ್ ಲಾಟು, ಹಿಂದಕ್ಕೆ ಬರುತ್ತಿದ್ದ ಆ ವ್ಯಾನು. ಅವತ್ತು ಅವಳು ನಿಂತಿದ್ದಳು.