ತಲೆಯ ಮೇಲೆ ಕೈ ಹೊತ್ತವರು

ಅಕ್ಕನ ಮಗಳ ಮದುವೆಗೆ ಐರಾಣಿ ಗಡಿಗೆಗಳ ಮೇಲೆ ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದಾಂಡೇಲಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು ಮನೆಯಲ್ಲೇ ಇರುವಾಗ ಬೇರೆಯವರಿಗೆ ಯಾಕೆ ಹೇಳಬೇಕು? ಗಡಿಗೆಗಳನ್ನು ಮೊದಲೇ ಹಳಿಯಾಳದ ಅಕ್ಕನ ಮನೆಗೆ ತರಿಸಿದ್ದರು. ನಾನು ಬಣ್ಣ ಬಳಿದ ಮೇಲೆ ಅವು ಮತ್ತೆ ಕುಂಬಾರರ ಮನೆಗೆ ಹೋಗಬೇಕು, ಅಲ್ಲಿಂದ ಮುತ್ತೈದೆಯರು ಪೂಜೆ ಮಾಡಿ ಹೊತ್ತು ತರಬೇಕು. ಶಾಸ್ತ್ರ ಅಂದರೆ ಶಾಸ್ತ್ರ.

ಯಾವಾಗಲೂ ಬರೆಯುವ ಗಿಳಿ, ಕಮಲ ನನಗೆ ಸಾಕಾಗಿದ್ದವು. ಗ್ರೀಸ್ ದೇಶದ ಹಳೆಯ ಮಡಕೆಗಳ ಚಿತ್ರ ಮೊಬೈಲಿನಲ್ಲಿ ಸಿಕ್ಕಿತು. ಕೊರಳ ಸುತ್ತ ಮಡಚಿ ಮಡಚಿ ಓಡುವ ಗೆರೆಯ ಪಟ್ಟಿ, ಅದು ಕೊನೆಯಿಲ್ಲದ ಬದುಕಿನ ಗುರುತಂತೆ. ಕೆಳಗೆ ಎರಡೂ ಕೈ ತಲೆಗೇರಿಸಿ ನಿಂತ ಹೆಂಗಸರ ಸಾಲು, ಕುಣಿಯುತ್ತಿದ್ದಾರೆ ಅಂದುಕೊಂಡೆ. ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಚೆಂದಾಗಿ ಇಳಿಸಿದೆ. ಆಮೇಲೆ ಚಿತ್ರದ ಕೆಳಗಿನ ಬರಹ ಓದಿದೆ. ಆ ಮಡಕೆ ಸಮಾಧಿಯ ಮೇಲೆ ಇಟ್ಟಿದ್ದಂತೆ. ಹೆಂಗಸರು ಸತ್ತವನಿಗಾಗಿ ತಲೆ ಬಡಿದುಕೊಳ್ಳುತ್ತಿದ್ದಾರಂತೆ.

ಅಕ್ಕನಿಗೆ ಹೇಳಿಯೇಬಿಟ್ಟೆ. ಅಕ್ಕ ಗಡಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕೈ ಹೆಂಗೂ ಮ್ಯಾಲೆ ಐತಲ್ಲ. ಎಲ್ಲಾರ ತಲಿ ಮ್ಯಾಲೆ ಒಂದೊಂದು ಕೊಡ ಬರಿ. ಅಳೂದು ನಿಂತ್ ಹೋಗ್ತದ."

ಬರೆದೆ. ಗ್ರೀಸಿನ ಶೋಕವೆಲ್ಲ ಸಂಜೆಯೊಳಗೆ ನೀರು ಹೊರುವ ಸಂಭ್ರಮವಾಯಿತು. ಒಬ್ಬಳ ತಲೆ ಮಾತ್ರ ಪಟ್ಟಿಗೆ ತಾಗಿತ್ತು, ಕೊಡಕ್ಕೆ ಜಾಗವಿರಲಿಲ್ಲ. ಹಾಗೆಯೇ ಬಿಟ್ಟೆ.

ಐರಾಣಿಯ ದಿನ ಕುಂಬಾರರ ಮನೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ಗಡಿಗೆಯನ್ನಾದರೂ ನಾನೇ ಹೊರಬೇಕೆಂಬ ಆಸೆ ನನಗಿತ್ತು. ಕೈಯಿಟ್ಟಿದ್ದೆ ಕೂಡ. ಬೀಗರ ಕಡೆಯ ಹಿರಿಯಳೊಬ್ಬಳು ಮೆತ್ತಗೆ ತಡೆದಳು.

"ಟೀಚರ್, ನೀವು ಮುಟ್ಟಬ್ಯಾಡ್ರಿ. ಮುತ್ತೈದ್ಯಾರು ಹೊತ್ಕೊಳ್ಳಲಿ."

ನನ್ನ ಗಂಡ ತೀರಿಕೊಂಡಿದ್ದು ಅವರಿಗೆ ಅದಾಗಲೇ ತಿಳಿದಿತ್ತು. ಮೂರು ದಿನ ಆ ಗಡಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಯಾರಿಗೂ ಅಪಶಕುನ ಕಂಡಿರಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ವಾಲಗದ ಹಿಂದೆ ಬರಿಗೈಯಲ್ಲಿ ನಡೆದೆ.

ಮನೆಯಲ್ಲಿ ಗಡಿಗೆಗಳನ್ನು ಸಾಲಾಗಿ ಇಡುವಾಗ ಅಕ್ಕನ ಕಣ್ಣು ಚಿತ್ರದಲ್ಲಿ ಕೊಡವಿಲ್ಲದೆ ನಿಂತವಳ ಮೇಲೆ ಬಿತ್ತು.

"ಏ, ಇಕಿಗೆ ಕೊಡ ಬರಿಯೂದು ಮರ್ತಿಯೇನ?"

"ಇಕಿ ಮುಟ್ಟಬಾರದಂತ, ಅಕ್ಕಾ."

ಅಕ್ಕ ನನ್ನ ಮುಖ ನೋಡಿದಳು. ಬೀಗರತ್ತ ನೋಡಿದಳು. ಆಮೇಲೆ ಗಡಿಗೆಯ ಆ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು.