ಅರವತ್ತರ ಪೆಟ್ಟಿಗೆ, ಎಪ್ಪತ್ತೆರಡರ ಲೆಕ್ಕ

ಮೊನ್ನೆ ತೊಕ್ಕೊಟ್ಟಿನ ಅಂಗಡಿಯೊಂದರಲ್ಲಿ ಬಟ್ಟೆ ಸಾಬೂನಿನ ಪೆಟ್ಟಿಗೆ ಬಿಚ್ಚುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ತರಬೇಕಾದ ಸಾಮಾನು ಮರೆತು ನಿಂತುಬಿಟ್ಟೆ. ಎಂಬತ್ತರ ದಶಕದ ಕೊನೆಯ ಮಂಗಳೂರಿನ ಹಂಪನಕಟ್ಟೆ, ನಾನು ಗೋದಾಮು ನೋಡಿಕೊಳ್ಳುತ್ತಿದ್ದ ಸಾಬೂನಿನ ಹೋಲ್‌ಸೇಲ್ ಅಂಗಡಿ, ಅಲ್ಲಿನ ಅಕೌಂಟೆಂಟ್ ಬಾಯಮ್ಮ...

ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಗಟ್ಟಿ ಹೆಂಗಸು. ವೋಚರಿನಲ್ಲಿ ಸಹಿ ತಪ್ಪಿದರೆ ಅಂಗಡಿಯ ಧಣಿಗಳನ್ನೂ ಬಿಡುತ್ತಿರಲಿಲ್ಲ. ಕಂಪ್ಯೂಟರ್ ಬಂದಾಗ ನಾವೆಲ್ಲ ಮುಟ್ಟಲು ಹೆದರಿ ದೂರ ನಿಂತರೆ, ಐವತ್ತು ದಾಟಿದ ಅವರು ಸಂಜೆ ಕ್ಲಾಸಿಗೆ ಹೋಗಿ ಕಲಿತು ಬಂದರು. ಅದರೆದುರಿನ ಕುರ್ಚಿಯಲ್ಲಿ ಕೂತಾಗ ಮುಖದಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತು. ಇರಲಿ, ಜಂಬಪಡುವಂಥದ್ದೇ.

ಆ ವರ್ಷ ಸಾಬೂನಿನ ಕಂಪೆನಿಯವರು ಪೆಟ್ಟಿಗೆಗೆ ಅರವತ್ತು ಬಿಲ್ಲೆ ಇದ್ದದ್ದನ್ನು ಎಪ್ಪತ್ತೆರಡು ಮಾಡಿದರು. ನಾವು ಕೊಳ್ಳುವುದು ಪೆಟ್ಟಿಗೆಯ ಲೆಕ್ಕದಲ್ಲಿ, ಮಾರುವುದು ಬಿಲ್ಲೆಯ ಲೆಕ್ಕದಲ್ಲಿ. ಬಾಯಮ್ಮ ಕಂಪ್ಯೂಟರಿನಲ್ಲಿ ಅರವತ್ತನ್ನು ಅಳಿಸಿ ಎಪ್ಪತ್ತೆರಡು ಹಾಕಿದರು. ಗೋದಾಮಿನಲ್ಲಿ ಹಳೆಯ ಪೆಟ್ಟಿಗೆಗಳು ಇನ್ನೂ ರಾಶಿ ಬಿದ್ದಿದ್ದವು. ಮಾರ್ಚ್ ಕೊನೆಯಲ್ಲಿ ಸ್ಟಾಕ್ ತೆಗೆದು ನೋಡಿದರೆ, ಕಂಪ್ಯೂಟರ್ ಹೇಳಿದಷ್ಟು ಸಾಬೂನು ಗೋದಾಮಿನಲ್ಲಿಲ್ಲ.

ಬೀಗದ ಕೈ ಇದ್ದದ್ದು ನನ್ನ ಬಳಿ. ಧಣಿಗಳು ಬೈಯಲಿಲ್ಲ, ಕೀ ಮೇಜಿನ ಮೇಲಿಡು ಎಂದರು, ಅಷ್ಟೆ. ಇಟ್ಟೆ. ಕಳ್ಳ ಎಂಬ ಹೆಸರು ಹೊತ್ತವನಿಗೆ ಮಂಗಳೂರಿನಲ್ಲಿ ಮತ್ತೆ ಯಾರು ಗೋದಾಮು ಒಪ್ಪಿಸುತ್ತಾರೆ? ಮನೆಯಲ್ಲಿ ಅಮ್ಮನಿಗೆ ಏನೆಂದು ಹೇಳಲಿ?

ಬಾಯಮ್ಮ ಪ್ರಿಂಟ್ ಹಾಳೆಯನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಮುಖ ಬಿಳಿಚಿಕೊಂಡಿತು. ಎದ್ದು ನಿಂತರು.

“ಕೀ ಅವನಿಗೆ ವಾಪಸ್ ಕೊಡಿ ಧಣಿ. ಸಾಬೂನು ಕಡಿಮೆ ಆದದ್ದೇ ಇಲ್ಲ. ಹಳೇ ಪೆಟ್ಟಿಗೆಗೂ ಎಪ್ಪತ್ತೆರಡು ಲೆಕ್ಕ ಹಿಡಿದುಂಟು. ಹಾಗೆ ಮಾಡಿದ್ದು ನಾನು.”

“ಮಿಷನ್ನಿನ ತಪ್ಪಿರಬೇಕು ಬಾಯಮ್ಮ,” ಎಂದು ಧಣಿಗಳೇ ದಾರಿ ತೋರಿಸಿದರು.

“ಮಿಷನ್ ಎಂತ ಮಾಡುವುದು? ನಾನು ಹೇಳಿದ್ದನ್ನು ಮಾಡಿತು.”

ಹೂಂ ಎಂದಿದ್ದರೆ ಸಾಕಿತ್ತು. ಮಿಷನ್ನಿನ ಒಳಗುಟ್ಟು ಬಲ್ಲವರು ಅಲ್ಲಿ ಅವರೊಬ್ಬರೇ, ಯಾರಿಗೆ ಗೊತ್ತಾಗುತ್ತಿತ್ತು? ಆ ಸಂಜೆಯೇ ಹಳೇ ಪೆಟ್ಟಿಗೆ, ಹೊಸ ಪೆಟ್ಟಿಗೆ ಎಂದು ಕಂಪ್ಯೂಟರಿನಲ್ಲಿ ಎರಡು ಬೇರೆ ಸರಕು ಮಾಡಿ, ಅದರದರ ಲೆಕ್ಕ ಅದಕ್ಕೇ ಕೊಟ್ಟರು. ಎಲ್ಲ ಸರಿಹೋಯಿತು.

ಸರಿಹೋಗದ್ದು ಒಂದೇ. ಸ್ವಲ್ಪ ದಿನದಲ್ಲೇ ಧಣಿಗಳು ಕಂಪ್ಯೂಟರಿಗೆ ಹೊಸಬನೊಬ್ಬನನ್ನು ತಂದರು. ಬಾಯಮ್ಮನನ್ನು ಹಿಂದಿನ ಮೇಜಿಗೆ, ವೋಚರ್ ಜೋಡಿಸುವ ಕೆಲಸಕ್ಕೆ ಕಳಿಸಿದರು. ಧೈರ್ಯ ಮಾಡಿ, ನನ್ನಿಂದಾಗಿ ನಿಮಗೆ ಹೀಗಾಯಿತಲ್ಲ ಎಂದೆ.

“ನಿನ್ನಿಂದ ಎಂತ ಆದದ್ದು ಮಾರಾಯ? ಹೋಗು, ಲಾರಿ ಬಂತು,” ಎಂದರು. ಕಣ್ಣು ಮಾತ್ರ ಆ ಹುಡುಗ ಕೂತಿದ್ದ ಕಡೆಗೇ ಇತ್ತು...

ಬಾಯಮ್ಮ ತೀರಿಕೊಂಡು ಬಹಳ ವರ್ಷಗಳಾದವು. ನಾನು ಗೋದಾಮಿನಲ್ಲೇ ಕೂದಲು ಬಿಳಿ ಮಾಡಿಕೊಂಡು, ಮರ್ಯಾದೆಯಿಂದ ಕೆಲಸ ಮುಗಿಸಿ ಮನೆಗೆ ಬಂದೆ. ಒಂದು ಮಧ್ಯಾಹ್ನ ಮಗ ಕಳ್ಳನೆನಿಸಿಕೊಳ್ಳಲಿದ್ದ ಸುದ್ದಿ ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಬಾಯಮ್ಮ ಮಾತ್ರ ಕಂಪ್ಯೂಟರಿನೆದುರು ಮತ್ತೆ ಕೂರಲೇ ಇಲ್ಲ.