ಐದು ಮೊಳದ ಅಂಚು

ವಯನಾಡಿನ ಕಲ್ಲೂರಿನ ಹಳೆಯ ಮನೆಗಳಲ್ಲಿ ಇವತ್ತಿಗೂ ಒಂದೆರಡು ಕೌದಿಗಳು ಉಳಿದಿರಬಹುದು. ಸಿಕ್ಕಿದರೆ ನೆಲದ ಮೇಲೆ ಹಾಸಿ ನೋಡಿ. ನಾಲ್ಕೂ ಅಂಚು ತೆಪ್ಪಗೆ ಮಲಗಿದರೆ ಅದು ಗುರುಬಸಮ್ಮನ ಕೈಯದ್ದು, ಒಂದು ಮೂಲೆ ತಲೆ ಎತ್ತಿದರೂ ಬೇರೆ ಯಾರದ್ದೋ. ಇದು ಗುರುಬಸಮ್ಮನೇ ಹೇಳುತ್ತಿದ್ದ ಮಾತು. ಜಂಬಕ್ಕೇನೂ ಅವಳಲ್ಲಿ ಬರವಿರಲಿಲ್ಲ.

ಹದಿನಾರನೇ ವಯಸ್ಸಿನಲ್ಲಿ ಗಾಡಿ ಹೊಡೆಯುವ ನಿಂಗಯ್ಯನನ್ನು ಮದುವೆಯಾಗಿ, ಗುಂಡ್ಲುಪೇಟೆ ಕಡೆಯಿಂದ ಮುತ್ತಂಗದ ಕಾಡು ದಾಟಿ ಬಂದವಳು ಅವಳು. ಹತ್ತು ವರ್ಷ ಜೊತೆಗೆ ಬಾಳಿದ ನಿಂಗಯ್ಯ ಚಳಿಜ್ವರಕ್ಕೆ ತುತ್ತಾದ. ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೊರಟವಳ ಮುಂದೆ ಜೈನರ ಮನೆಯ ರತ್ನಮ್ಮ ಒಂದು ಮೂಟೆ ಹಳೆ ಸೀರೆ ಸುರಿದು, "ಇದನ್ನ ಹೊಲಿದು ಮುಗಿಸಿ ಹೋಗೇ" ಎಂದರು. ಆ ಮೂಟೆಯ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಹಾಗೆ ಹೋಗದೆ ಉಳಿದದ್ದು ಇಪ್ಪತ್ತೈದು ವರ್ಷ.

ಕೆಲಸ ಕಲಿಸಿದವಳು ಅವಳ ಅವ್ವ. ಹುಚ್ಚೆಳ್ಳಿನ ಹೊಲ ಹಳದಿ ಹೂ ಬಿಟ್ಟ ಕಾಲದಲ್ಲಿ, ಜಗಲಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮಗಳ ಬೆರಳಿಗೆ ಸೂಜಿ ಚುಚ್ಚಿದರೂ ಮರುಗದೆ ಕಲಿಸಿದ್ದಳು. "ಅಂಚಿನ ಅಳ್ತೆಯ ಅಂಚಲ್ಲಿ ತಕ್ಕಬ್ಯಾಡ ಕನೆ. ಕೈ ತಾಕಿ ತಾಕಿ ಅದು ಹಿಗ್ಗಿರ್ತದ. ಕೌದಿಯ ನಡುವ್ನಾಗೆ ಅಳೆ, ನಡು ಸುಳ್ಳು ಹೇಳದಿಲ್ಲ." ಗುರುಬಸಮ್ಮ ಒಂದು ದಿನವೂ ಆ ಮಾತು ಮೀರಲಿಲ್ಲ. ಚೌಕಗಳನ್ನೆಲ್ಲ ಕೂಡಿಸಿದ ಮೇಲೆ ನಡುವಿನಲ್ಲಿ ಮೊಣಕೈ ಊರಿ ಮೊಳ ಹಾಕುವಳು, ಅಷ್ಟೇ ಉದ್ದಕ್ಕೆ ಅಂಚಿನ ಪಟ್ಟಿ ಕತ್ತರಿಸುವಳು. ಆ ಅವ್ವ ಒಂದು ಮಳೆಗಾಲದಲ್ಲಿ ತೀರಿಕೊಂಡಾಗ ಕಾಡಿನ ದಾರಿಯಲ್ಲಿ ಹೊಳೆ ತುಂಬಿ, ಮುಖ ನೋಡಲೂ ಹೋಗಲಾಗಲಿಲ್ಲ.

ಆಮೇಲೆ ತಿರುವಾಂಕೂರಿನ ಜನ ಬರತೊಡಗಿದರು. ಬಸ್ಸು ಇಳಿದು, ಕಾಡು ಸವರಿ, ಮರಗೆಣಸು ನೆಟ್ಟು, ವಯನಾಡಿನ ಚಳಿಗೆ ಹಲ್ಲು ಕಡಿಯುತ್ತ ಗುಡಿಸಲು ಹಾಕಿದರು. ಅವರಲ್ಲೊಬ್ಬಳು ತಂಗಮ್ಮ. ಕುಳ್ಳಗಿನ ಹುಡುಗಿ, ಇನ್ನೂ ಇಪ್ಪತ್ತನಾಲ್ಕು. ಊರಿನಲ್ಲಿ ತಾಯಿ ಸತ್ತ ಕಾಗದ ಅವಳ ಕೈಸೇರಿದ್ದು ಹದಿನಾರನೆಯ ದಿನದ ಕರ್ಮವೂ ಕಳೆದ ಮೇಲೆ. ತಿಂಗಳ ನಂತರ ಅಣ್ಣ ಕರುಣಾಕರನ್ ತಾಯಿಯ ಬಟ್ಟೆಗಳ ಗಂಟು ತಂದುಕೊಟ್ಟ. ಅದನ್ನು ಹೊತ್ತುಕೊಂಡು ಗುರುಬಸಮ್ಮನ ಹತ್ತಿರ ಬಂದಳು.

"ಚೇಚಿ, ಅಕ್ಕಾ, ಕಾಗದ ಬಂದ ದಿವಸದಿಂದ ಉರಕ್ಕಂ ಇಲ್ಲ, ನಿದ್ದೆ ಇಲ್ಲ. ಇದರಲ್ಲಿ ಒಂದು ಕೌದಿ ಮಾಡಿಕೊಡಿ. ಅಮ್ಮನ ಬಟ್ಟೆ ಒಂದು ತುಂಡೂ ಕಳೆಯಬಾರದು."

ಗುರುಬಸಮ್ಮ ಮರುಮಾತಾಡದೆ ಒಪ್ಪಿಕೊಂಡಳು. ಗಂಟಿನಲ್ಲಿದ್ದ ಮುಂಡುಗಳನ್ನೂ ರವಿಕೆಗಳನ್ನೂ ಗೇಣಗಲದ ಚೌಕ ಮಾಡಿ ಕೂಡಿಸಿದಳು. ಉದ್ದದ ಎರಡು ಅಂಚಿಗೆ ಮಾತ್ರ ತಾಯಿಯ ಮದುವೆಯ ಪುಡವೆಯೇ, ಆ ಧಾರೆಸೀರೆಯೇ ಆಗಬೇಕೆಂದು ತಂಗಮ್ಮನ ಹಟ. ಆ ಪುಡವೆಗೆ ಕತ್ತರಿ ಹಾಕುವುದಾದರೆ ತಾನೇ ಹಾಕಬೇಕೆಂದು ಇನ್ನೊಂದು ಹಟ. "ಸರಿ, ಐದು ಮೊಳದ ಎರಡು ಪಟ್ಟಿ ತಕ್ಕಬಾ" ಎಂದು ಗುರುಬಸಮ್ಮ ಕೌದಿಯ ನಡು ಅಳೆದು ಹೇಳಿ ಕಳಿಸಿದಳು.

ಪಟ್ಟಿ ಬಂತು. ಹೊಲಿಯಲು ಕೂತರೆ ಒಂದು ಗೇಣು ಕಡಿಮೆ! ಎಳೆದು ಕೂಡಿಸಿ ನೋಡಿದಳು. ಅಂಚು ಬಿಗಿದು ನಡು ಪೂರಿಯ ಹಾಗೆ ಉಬ್ಬಿತು. ಸಿಟ್ಟು ನೆತ್ತಿಗೇರಿತು.

"ಐದು ಅಂದ್ರ ಐದು! ಎಣಿಸಕ್ಕೂ ಬರದಿಲ್ವ ನಿಂಗೆ?"

"ಐದು ಮುಳಂ ತನ್ನೆ ಚೇಚಿ, ಐದೇ. ನಾನೇ ಅಳ್ದೆ," ಎಂದಳು ತಂಗಮ್ಮ. ಮೊಳಕ್ಕೆ ಅವಳ ಮಾತಿನಲ್ಲಿ ಮುಳಂ.

"ಉಳಿದ ಬಟ್ಟೆ ತಕ್ಕಬಾ ಹಂಗಾರ."

"ಇಲ್ಲ. ತಂಗಿಗೆ ಅಂತ ಅಣ್ಣನ ಕೈಯಲ್ಲಿ ಕೊಟ್ಟು ಕಳಿಸಿದೆ."

ಗುರುಬಸಮ್ಮ ಅವಳ ಕೈ ಎಳೆದು, ಮೊಣಕೈಗೆ ಮೊಣಕೈ ತಾಗಿಸಿ, ತೋಳಿನ ಪಕ್ಕ ತೋಳಿಟ್ಟು ನೋಡಿದಳು. ತಂಗಮ್ಮನ ನಡುಬೆರಳಿನ ತುದಿ ಗುರುಬಸಮ್ಮನ ನಡುಬೆರಳಿನ ಅರ್ಧಕ್ಕೇ ನಿಂತುಬಿಟ್ಟಿತು. ಅಷ್ಟಷ್ಟೇ ಐದು ಸಲ ಕೂಡಿ ಒಂದು ಗೇಣಾಗಿತ್ತು. ಇಷ್ಟು ವರ್ಷ ಅಳೆದವಳೂ ತಾನೇ, ಕತ್ತರಿಸಿದವಳೂ ತಾನೇ. ಮೊಳವೆಂದರೆ ತನ್ನ ತೋಳೇ ಎಂದುಕೊಂಡಿದ್ದಳು. ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

"ತಪ್ಪು ನಂದು ಕನವ್ವ," ಎಂದಳು. ಈ ಮಾತು ಅವಳ ಬಾಯಲ್ಲಿ ಕೇಳಿದವರು ಕಲ್ಲೂರಿನಲ್ಲಿ ಬೇರೆ ಯಾರೂ ಇಲ್ಲ.

ಪಟ್ಟಿಗೆ ತೇಪೆ ಹಾಕಿ ಉದ್ದ ಮಾಡಬಹುದಿತ್ತು. ಮದುವೆಯ ಪುಡವೆಗೆ ತೇಪೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಅಂಚಿಗೆ ತಕ್ಕಂತೆ ಕೌದಿಯನ್ನೇ ಒಂದು ಸಾಲು ಗಿಡ್ಡ ಮಾಡುವುದೆಂದು ತೀರ್ಮಾನಿಸಿ, ಕೊನೆಯ ಸಾಲಿನ ಹೊಲಿಗೆಯನ್ನು ಸೂಜಿಮೊನೆಯಿಂದ ಬಿಡಿಸಿದಳು. ಬಿಚ್ಚಿಬಂದ ಚೌಕಗಳೆಲ್ಲ ತಾಯಿ ದಿನವೂ ಅಡುಗೆಮನೆಯಲ್ಲಿ ಉಡುತ್ತಿದ್ದ ಮುಂಡಿನವು, ಅರಿಸಿನದ ಕಲೆ ಹಾಗೇ ಇತ್ತು. ತಂಗಮ್ಮ ಅವನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ಕೊಡಿಲ್ಲಿ. ನಿಮ್ಮವ್ವನ ಒಂದು ಎಳೆಯೂ ಹೊರಕ್ಕೆ ಹೋಗದಿಲ್ಲ," ಎಂದು ಗುರುಬಸಮ್ಮ ಮೆಲ್ಲಗೆ ಬಿಡಿಸಿಕೊಂಡಳು. ಕೌದಿಯ ಒಳಪದರ ಹಾಸಿ, ಹೊದ್ದವರ ಎದೆಯ ಮೇಲೆ ಬರುವ ಜಾಗದಲ್ಲಿ ಆ ಚೌಕಗಳನ್ನು ಒಂದರ ಪಕ್ಕ ಒಂದು ಇಟ್ಟು, ಮೇಲೆ ಮುಚ್ಚಿ ಹೊಲಿದಳು. ಹೊಲಿಯುವಾಗ ತನ್ನ ಅವ್ವನ ಸೀರೆಗಳು ಯಾರ ಪಾಲಾದವೋ ಎಂಬ ಯೋಚನೆ ಬಂದು, ದಾರ ಕಾಣದೆ ಎರಡು ಸಲ ಕೈ ನಿಲ್ಲಿಸಬೇಕಾಯಿತು.

ಎಂಟನೆಯ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ, ಕೌದಿಯನ್ನು ಅಂಗಳದಲ್ಲಿ ಹಾಸಿದಳು. ಮಂಡಿಯೂರಿ ನಾಲ್ಕೂ ಮೂಲೆ ತಟ್ಟಿ ನೋಡಿದಳು. ಎಲ್ಲಿಯೂ ಒಂದು ಸುಕ್ಕಿಲ್ಲ, ಪುಡವೆಯ ಕಸವು, ಆ ಚಿನ್ನದ ಜರಿಯಂಚು, ನೆಟ್ಟಗೆ ಮಲಗಿತ್ತು.

ತಂಗಮ್ಮ ಹೋಗಿ ಬರುವವರ ಕಣ್ಣೆದುರಿಗೇ ಅದರ ಮೇಲೆ ಮಲಗಿ, ಅರ್ಧವನ್ನು ಮೈಮೇಲೆ ಎಳೆದುಕೊಂಡು, ಎದೆಯ ಮೇಲೆ ಕೈ ಇಟ್ಟುಕೊಂಡಳು. ನೋಡುತ್ತಿದ್ದಂತೆ ಉಸಿರು ನಿಧಾನವಾಯಿತು. ಗುರುಬಸಮ್ಮ ಪಕ್ಕದಲ್ಲಿ ಕೂತು ಕೋಳಿ ಅಟ್ಟುತ್ತಿದ್ದಳು. ಇಳಿಬಿಸಿಲು ತಂಗಮ್ಮನ ಮುಖಕ್ಕೆ ಬಂದಾಗ ತಾನು ಎದ್ದು ಅಡ್ಡ ಕೂತಳು.

ನಿದ್ದೆಯಲ್ಲೇ ತಂಗಮ್ಮ ಮಗ್ಗುಲು ತಿರುಗಿ, "ಅಮ್ಮೇ..." ಎಂದು ಕರೆದಳು.

ಗುರುಬಸಮ್ಮ ಸುತ್ತ ನೋಡಿದಳು. ಯಾರೂ ಇರಲಿಲ್ಲ.

"ಊಂ," ಎಂದಳು, "ಇಲ್ಲೇ ಇವ್ನಿ ಮಗ, ಮನಿಕೊ."